ಡಬ್ಬಿ ಕ್ಯಾಮೆರಾದಲ್ಲಿ ಬೆಳಕು ಸೋರುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಕೋಡಿಬಾಗದವನು. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಪಿನ್‌ಹೋಲ್ ಕ್ಯಾಮೆರಾ (ಲೆನ್ಸ್ ಬದಲು ಸೂಜಿ ತೂತಿನಿಂದ ಚಿತ್ರ ತೆಗೆಯುವುದು) ಮಾಡಿದ್ದೇನೆ. ಒಳಗೆಲ್ಲ ಕಪ್ಪು ಬಣ್ಣ ಬಳಿದಿದ್ದೇನೆ. ತಂಪು ಪಾನೀಯದ ಕ್ಯಾನ್ ಕತ್ತರಿಸಿ, ಆ ತಗಡಿಗೆ ಸೂಜಿಯಿಂದ ಸುಮಾರು 0.4 ಮಿಲಿಮೀಟರ್ ತೂತು ಮಾಡಿದೆ. ಹಿಂದೆ ಎದ್ದ ಅಂಚನ್ನು ನಯವಾದ ಸ್ಯಾಂಡ್‌ಪೇಪರ್‌ನಿಂದ ತಿಕ್ಕಿದೆ. ತೂತಿನಿಂದ ಪೇಪರಿಗೆ 10 ಸೆಂಟಿಮೀಟರ್. ಫಿಲ್ಮ್ ಬದಲು ಕಪ್ಪುಬಿಳುಪು ಫೋಟೋ ಪೇಪರ್. ಒಳ್ಳೆ ಬಿಸಿಲಿದ್ದರೆ ಒಂದು ನಿಮಿಷ ತೂತು ತೆರೆದಿಟ್ಟರೆ ಸಾಕು.

ಮೊದಲ ಸಲ ಸದಾಶಿವಗಡದ ಗುಡ್ಡ ತೆಗೆದೆ. ಕೆಂಪು ದೀಪದಲ್ಲಿ, ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಟ್ರೇಯೊಳಗೆ ಗುಡ್ಡದ ಗೆರೆ ನಿಧಾನಕ್ಕೆ ಮೂಡಿತು, ಆಮೇಲೆ ಕಾಳಿ ನದಿ. ಆ ಖುಷಿ ಹೇಗೆ ಹೇಳಲಿ! ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈಗ ತೊಂದರೆ ಏನೆಂದರೆ, ಮುಚ್ಚಳದ ಕಡೆಯ ಅಂಚಿನಲ್ಲಿ ಪ್ರತಿ ನೆಗೆಟಿವ್‌ಗೂ (ಪೇಪರ್ ಮೇಲೆ ಮೂಡುವ ಉಲ್ಟಾ ಚಿತ್ರ, ಬೆಳಕು ಬಿದ್ದಲ್ಲಿ ಕಪ್ಪು) ಬೆರಳಗಲದ ಕಪ್ಪು ಪಟ್ಟೆ ಬರುತ್ತಿದೆ. ಕರಿ ಇನ್ಸುಲೇಷನ್ ಟೇಪ್ ಸುತ್ತಿ ನೋಡಿದೆ. ನಮ್ಮ ಸೆಕೆಗೆ ಅದರ ಗೋಂದು ಜಾರಿಬಿಡುತ್ತದೆ, ಕರಾವಳಿಯವರಿಗೆ ಗೊತ್ತೇ ಇದೆ ಅಲ್ವಾ? ಮುಚ್ಚಳದ ಒಳಗೆ ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿದರೆ ನಿಲ್ಲುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಮಳೆ ಶುರುವಾಗುವ ಮೊದಲು ಬೈತಖೋಲ್ ಬಂದರಿನ ದೋಣಿಗಳನ್ನು ತೆಗೆಯಬೇಕು ಅಂತ ತುಂಬಾ ಆಸೆ.

ಹಳೆ ಸ್ಟುಡಿಯೋದವರ ಹತ್ತಿರ ಅವಧಿ ಮುಗಿದ ಫೋಟೋ ಪೇಪರ್ ಉಳಿದಿದ್ದರೆ ಕೊಂಡುಕೊಳ್ಳುತ್ತೇನೆ. ಶಿರಸಿಯಾದರೂ ಸರಿ, ನಾನೇ ಬರುತ್ತೇನೆ.