ಎಳಿಮಲ ನೌಕಾ ಅಕಾಡೆಮಿ: ಮೊದಲ ವರ್ಷ ಪಾಠ ಅರ್ಥ ಆಗದಿದ್ದರೆ ಯಾರನ್ನು ಕೇಳಬೇಕು?

ಹಾಸನದ ಅಕ್ಕ
ನನ್ನ ತಮ್ಮ ಅಧಿಕಾರಿಗಳನ್ನು ಆರಿಸುವ ಸಂದರ್ಶನವಾದ ಎಸ್‌ಎಸ್‌ಬಿ, ಮೆಡಿಕಲ್ ಎಲ್ಲ ಮುಗಿಸಿ 10+2 ಬಿಟೆಕ್ ಎಂಟ್ರಿಯಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಎಳಿಮಲಕ್ಕೆ ಆಯ್ಕೆಯಾಗಿದ್ದಾನೆ. ಮನೆಯಲ್ಲಿ ಎಲ್ಲರಿಗೂ ಖುಷಿ, ಅಮ್ಮ ಈಗಲೇ ಚಕ್ಕುಲಿಗೆ ಹಿಟ್ಟು ಬೀಸಿಸಿ ಇಟ್ಟಿದ್ದಾರೆ. ಓಟ, ಈಜು ಅಂದರೆ ಅವನಿಗೆ ಏನೂ ಅಲ್ಲ. ಭಯ ಇರುವುದು ಓದಿನದ್ದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿ ಮ್ಯಾಥ್ಸ್ ಟ್ಯೂಷನ್‌ನಿಂದ ದಡ ಸೇರಿತು. ಜೆಇಇಯಲ್ಲಿ ರ‍್ಯಾಂಕ್ ಬಂತು ನಿಜ, ಆದರೆ ಅಲ್ಲಿ ಬರೀ ಉತ್ತರ ಕೊಟ್ಟರೆ ಸಾಕಲ್ವಾ, ಇಲ್ಲಿ ಪುಟಗಟ್ಟಲೆ ಇಂಗ್ಲಿಷ್‌ನಲ್ಲಿ ಬರೆಯಬೇಕು. ಬೆಳಿಗ್ಗೆ ಪಿಟಿ, ಪರೇಡ್ ಮುಗಿಸಿಕೊಂಡು ಕ್ಲಾಸಿನಲ್ಲಿ ಕೂತವನಿಗೆ ಏನಾದರೂ ತಲೆಗೆ ಹೋಗುತ್ತಾ? ಅರ್ಥ ಆಗಲಿಲ್ಲ ಅಂತ ಕೈ ಎತ್ತಿದರೆ ‘ಇವನು ವೀಕ್’ ಅಂತ ಬರೆದುಕೊಳ್ಳುತ್ತಾರಾ?

ಮೂಡಿಗೆರೆ ರಿಟೈರ್ಡ್
ನೋಡಮ್ಮ, ನೌಕಾಪಡೆಯಲ್ಲಿ ಇದ್ದು ಬಂದವನು ಹೇಳುತ್ತಿದ್ದೇನೆ. ಜನ ಅದನ್ನು ಬರೀ ಟ್ರೈನಿಂಗ್ ಕ್ಯಾಂಪ್ ಅಂದುಕೊಳ್ಳುತ್ತಾರೆ. ಅದು 4 ವರ್ಷದ ಇಂಜಿನಿಯರಿಂಗ್, ಡಿಗ್ರಿ ಕೊಡುವುದು ದೆಹಲಿಯ ವಿಶ್ವವಿದ್ಯಾಲಯ ಜೆಎನ್‌ಯು. ಪಾಸಾಗದಿದ್ದರೆ ರೆಲಿಗೇಷನ್ ಅಂತ ಮಾಡುತ್ತಾರೆ, ಜೊತೆಗೆ ಸೇರಿದವರು ಮುಂದೆ ಹೋಗುತ್ತಾರೆ, ಇವನು ಜೂನಿಯರ್ ಬ್ಯಾಚಿನ ಜೊತೆ ಕೂರಬೇಕು. ಆ ಬೇಜಾರಿನ ಮುಂದೆ ಕೈ ಎತ್ತುವ ನಾಚಿಕೆ ಯಾವ ಲೆಕ್ಕ? ಪಾಠ ಮಾಡಿದವರನ್ನೇ ಮೊದಲು ಕೇಳಲಿ. ಆಗಲೂ ಆಗದಿದ್ದರೆ ತನ್ನ ಗುಂಪಿನ ಹುಡುಗರನ್ನು ನೋಡಿಕೊಳ್ಳುವ ಡಿವಿಷನಲ್ ಆಫೀಸರ್‌ಗೆ ತಾನೇ ಹೋಗಿ ಹೇಳಲಿ, ರಿಸಲ್ಟ್ ನೋಡಿ ಅವರು ಕರೆಸುವುದಕ್ಕೆ ಮುಂಚೆ. ಹುಡುಗರು ಮುಚ್ಚಿಡುತ್ತಾರೆ, ಅದೇ ತಲೆನೋವು. ಕೋರ್ಸ್‌ಮೇಟ್‌ಗಳಲ್ಲಿ ಮ್ಯಾಥ್ಸ್ ಗಟ್ಟಿ ಇರುವವನು ಒಬ್ಬ ಇದ್ದೇ ಇರುತ್ತಾನೆ, ಅವನಿಗೆ ಈಜು ಬರದಿರಬಹುದು, ಅದನ್ನು ಇವನು ಹೇಳಿಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಇನ್ನು ನಿದ್ದೆ. ಕಣ್ಣು ಎಳೆದರೆ ಕೇಳಿಕೊಂಡು ಕ್ಲಾಸಿನ ಹಿಂದೆ ಹೋಗಿ ನಿಂತೇ ನೋಟ್ಸ್ ಬರೆಯಲಿ, ತೂಕಡಿಸಿ ಸಿಕ್ಕಿಬೀಳುವುದಕ್ಕಿಂತ ವಾಸಿ.

ಡ್ರಾಯಿಂಗ್ ಶೀಟ್
ಹಾಸನದಲ್ಲೇ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡುತ್ತೇನೆ. ಮೇಲಿನವರು ಯಾರನ್ನು ಕೇಳಬೇಕು ಅಂತ ಹೇಳಿದರು, ಹೇಗೆ ಕೇಳಬೇಕು ಅನ್ನುವುದೂ ಮುಖ್ಯ. ‘ಸರ್, ಇಂಟಿಗ್ರೇಷನ್ ಅರ್ಥ ಆಗಲಿಲ್ಲ’ ಅಂದರೆ ಯಾವ ಮೇಷ್ಟ್ರಾದರೂ ಏನು ಮಾಡಿಯಾರು, ಇಡೀ ಅಧ್ಯಾಯ ಮತ್ತೆ ಹೇಳೋಕೆ ಆಗುತ್ತಾ? ‘ಎಕ್ಸ್ ತೆಗೆದು ಯು ಹಾಕಿದೆ, ಇಲ್ಲಿವರೆಗೆ ಬಂತು, ಮೇಲೆ ಕೆಳಗೆ ಇದ್ದ ಲಿಮಿಟ್ ಯಾಕೆ ಬದಲಾಯಿತು?’ ಅಂತ ನೋಟ್‌ಬುಕ್ ಹಿಡಿದು ಹೋದರೆ ಎರಡೇ ನಿಮಿಷದ ಕೆಲಸ. ಡ್ರಾಯಿಂಗ್‌ನಲ್ಲೂ ಹೀಗೇ. ನಮ್ಮ ದೇಶದಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ, ಅಂದರೆ ಮೇಲಿಂದ ನೋಡಿದ ಚಿತ್ರ ಶೀಟಿನಲ್ಲಿ ಎದುರಿಂದ ನೋಡಿದ ಚಿತ್ರದ ಕೆಳಗೆ ಬರುತ್ತದೆ. ಇದನ್ನು ಉಲ್ಟಾ ಹಾಕಿ ಕೂತವರಿಗೆ ಲೆಕ್ಕವೇ ಇಲ್ಲ. ಒಂದು ಬೆಂಕಿಪೊಟ್ಟಣ ಎದುರಿಗೆ ಇಟ್ಟುಕೊಂಡು ಬರೆದು ನೋಡಲಿ. ಸೈನ್, ಕಾಸ್ ಮರೆಯದಿರಲಿ, ಹಡಗು ನಡೆಸೋಕೆ ಅದೇ ಬೇಕು.

ಹಾಸನದ ಅಕ್ಕ
ತುಂಬಾ ಥ್ಯಾಂಕ್ಸ್ ಸರ್. ಹೊರಡುವ ಮುಂಚೆ ಅವನಿಗೆ ಯಾವ ಪುಸ್ತಕ ತೆಗೆದುಕೊಡಲಿ? ಅಂಗಡಿಯವರು ದಪ್ಪ ದಪ್ಪದ್ದು ತೋರಿಸುತ್ತಿದ್ದಾರೆ.

ಡ್ರಾಯಿಂಗ್ ಶೀಟ್
ಸುಮ್ನೆ ದುಡ್ಡು ಹಾಕಬೇಡಿ ಮೇಡಂ, ಅಲ್ಲಿ ಪುಸ್ತಕದ ಖರ್ಚು ನೌಕಾಪಡೆಯದ್ದೇ. ಮನೆಯಲ್ಲಿರುವ ಎರಡನೇ ಪಿಯುಸಿ ಮ್ಯಾಥ್ಸ್ ಎರಡನೇ ಭಾಗ ಸಾಕು. ದಿನಾ ಒಂದು ಲೆಕ್ಕ ಬಿಡಿಸಿ, ಪ್ರತಿ ಹಂತಕ್ಕೂ ಯಾಕೆ ಹಾಗೆ ಮಾಡಿದೆ ಅಂತ ಇಂಗ್ಲಿಷ್‌ನಲ್ಲಿ ಒಂದು ಸಾಲು ಬರೆಯಲಿ. ತಪ್ಪು ಇಂಗ್ಲಿಷ್ ಆದರೂ ಪರವಾಗಿಲ್ಲ. ಎನ್‌ಪಿಟೆಲ್‌ನ ಐಐಟಿ ಮೇಷ್ಟ್ರುಗಳ ಪಾಠಗಳು ಯೂಟ್ಯೂಬ್‌ನಲ್ಲಿ ಫ್ರೀ ಇವೆ, ಇಂಗ್ಲಿಷ್ ಕಿವಿಗೆ ಬೀಳಲಿ ಅಂತ ಈಗಿನಿಂದಲೇ ಹಾಕಿ.

ಮೂಡಿಗೆರೆ ರಿಟೈರ್ಡ್
ಹಾಸನದಿಂದ ಕಣ್ಣೂರು ರೈಲು ಹತ್ತಿಸಿ, ಪಯ್ಯನೂರಿನಲ್ಲಿ ಇಳಿದರೆ ಅಕಾಡೆಮಿ ಹತ್ತಿರ. ಟಿಕೆಟ್ ಮಾತ್ರ ಬೇಗ ಮಾಡಿಸಿ.