ಅಪ್‌ಡೇಟ್: ಒಂದೇ ಟೆಂಡರ್ ಹಿಂದೆ ಇಬ್ಬರು ಓಡುವುದು ನಿಂತಿದೆ

ಒಂದೇ ಟೆಂಡರ್‌ಗೆ ಇಬ್ಬರು ಓಡುವುದನ್ನು ತಪ್ಪಿಸೋದು ಹೇಗೆ ಅಂತ ಹದಿನೈದು ದಿನದ ಹಿಂದೆ ಇಲ್ಲಿ ಕೇಳಿದ್ದೆ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಆಫೀಸಿನಲ್ಲಿ ಟೆಂಡರ್ ಹಾಕುವವರು ಆರು ಜನ, ಒಂದೇ ಕೆಲಸಕ್ಕೆ ಇಬ್ಬರು ಓಡಾಡಿ ಆಮೇಲೆ "ಇದು ನಂದು" ಅಂತ ಜಗಳ ಆಗುತ್ತಿತ್ತು.

ನಿಮ್ಮಲ್ಲಿ ಕೆಲವರು ಜಿಲ್ಲೆವಾರು ಹಂಚಿ ಅಂದಿದ್ರಲ್ವಾ, ಅದು ನಡೆಯಲಿಲ್ಲ. ಕರೆಂಟ್ ಕಂಪನಿ ಹೆಸ್ಕಾಂಗೇ ಏಳು ಜಿಲ್ಲೆ. ಟೆಂಡರ್ ಕರೆಯುವುದು ಹುಬ್ಬಳ್ಳಿಯಿಂದ, ಕೆಲಸ ಗದಗದಲ್ಲಿ. ಯಾರದು ಅಂತ ಹೇಳೋದು? ವಾಟ್ಸಾಪ್ ಗ್ರೂಪಲ್ಲಿ ಹಾಕಿದರೆ ಸಂಜೆಯೊಳಗೆ ಮೆಸೇಜ್ ಮೇಲೆ ಹೋಗಿರುತ್ತೆ.

ಕೆಲಸಕ್ಕೆ ಬಂದದ್ದು ಟೆಂಡರ್ ನಂಬರನ್ನೇ ಗುರುತು ಮಾಡಿಕೊಳ್ಳಿ ಅನ್ನುವ ಸಲಹೆ. ಗೂಗಲ್ ಶೀಟಿನಲ್ಲಿ ಒಂದು ಕಾಲಂಗೆ ನಂಬರ್, ಪಕ್ಕದಲ್ಲಿ ಮೊದಲು ಬರೆದವರ ಹೆಸರು. ಒಂದು ನಂಬರ್ ಎಷ್ಟು ಸಲ ಇದೆ ಅಂತ ಎಣಿಸುವ ಕೌಂಟ್‌ಇಫ್ ಫಾರ್ಮುಲಾದಿಂದ ಡೇಟಾ ವ್ಯಾಲಿಡೇಶನ್ ಕೊಟ್ಟೆ, ಅದೇ ನಂಬರ್ ಮತ್ತೆ ಟೈಪ್ ಮಾಡಿದರೆ ತಗೊಳ್ಳಲ್ಲ. ಆದರೆ ಪೇಸ್ಟ್ ಮಾಡಿದರೆ ಒಳಗೆ ಬಂದುಬಿಡುತ್ತೆ! ಅದಕ್ಕೇ ಡಬಲ್ ಆದದ್ದು ಕೆಂಪಗೆ ಕಾಣುವ ಹಾಗೆ ಕಂಡಿಷನಲ್ ಫಾರ್ಮ್ಯಾಟಿಂಗ್ ಕೂಡ ಹಾಕಿದ್ದೇನೆ.

ನನಗೆ ಗೊತ್ತಿಲ್ಲದ ಇನ್ನೊಂದು ವಿಷಯ ಸಿಕ್ಕಿತು. ರಾಜ್ಯ ಸರ್ಕಾರದ ಟೆಂಡರ್‌ಗಳು ಬರುವ ಕೆಪಿಪಿಪಿ ಪೋರ್ಟಲ್‌ನಲ್ಲಿ ಮರುಟೆಂಡರ್ ಆದರೆ ಹಳೆಯ ಟೆಂಡರ್ ನಂಬರಿನ ಕೊನೆಗೆ "ಕಾಲ್-2" (ಎರಡನೇ ಸಲ ಕರೆದದ್ದು) ಸೇರುತ್ತೆ, ಶೀಟಿನ ಲೆಕ್ಕಕ್ಕೆ ಅದು ಹೊಸ ನಂಬರ್, ಹಾಗಾಗಿ ಹಳೆಯ ಜಗಳವೇ ಮತ್ತೆ ಬಾಗಿಲಿಗೆ ಬಂತು. ಈಗ ಆ ಬಾಲ ಬಿಟ್ಟು ಬರೆಯುತ್ತೇವೆ, ಎಷ್ಟನೇ ಕಾಲ್ ಅನ್ನುವುದಕ್ಕೆ ಬೇರೆ ಕಾಲಂ ಇದೆ.

ಹೆಸರು ಬರೆದು ಸುಮ್ನೆ ಕೂತರೆ? ಏಳು ದಿನ ಏನೂ ಅಪ್‌ಡೇಟ್ ಇಲ್ಲದಿದ್ದರೆ ಬೇರೆಯವರು ತಗೋಬಹುದು. ರಾಣೆಬೆನ್ನೂರಿನ ಪಂಪ್ ಕೆಲಸ ಹಾಗೇ ಕೈ ಬದಲಾಯಿತು, ನಿನ್ನೆ ಬಿಡ್ ಹಾಕಿದ್ದೇವೆ.