ಓದುಗರ ಸ್ಪಂದನ: ಕೀಪ್ಯಾಡ್ ಫೋನೇ ಸಾಕು ಅನ್ನೋದು ಹಟವಾ?

ಜಮಖಂಡಿಯ ಓದುಗರೊಬ್ಬರು ಹೋದ ವಾರ ತಮ್ಮ ಕಷ್ಟ ಬರೆದಿದ್ದರು. ವಯಸ್ಸು 63. ಮನೆಯಲ್ಲೇ ಖಣದ ಕುಪ್ಪಸ ಹೊಲಿಯುತ್ತಾರೆ. ಯಜಮಾನರು ತೀರಿಕೊಂಡ ಮೇಲೆ ಅವರ ಪಿಂಚಣಿ ಬರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಕೈಯಲ್ಲಿ ಇರುವುದು ಕೀಪ್ಯಾಡ್ ಫೋನ್. ಮಗ ಕೊಡಿಸಿದ ಸ್ಮಾರ್ಟ್‌ಫೋನ್ ಟ್ರಂಕಿನಲ್ಲಿದೆ. ‘ನೀ ಹಿಂಗ ಇದ್ರ ಎಲ್ಲಾ ನಾವೇ ಮಾಡಬೇಕಾಗ್ತದ’ ಅಂತ ಬೆಳಗಾವಿಯಲ್ಲಿರುವ ಮಗನ ಸಿಟ್ಟು. ಚಿಗವ್ವ ತೀರಿಕೊಂಡ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಇವರಿಗೆ ಗೊತ್ತಾಗಿದ್ದು ಮೂರನೇ ದಿನ. ‘ಮಣ್ಣಿಗೂ ಹೋಗಲಾಗಲಿಲ್ಲ. ನನ್ನದೇ ತಪ್ಪಾ?’ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಗೃಹಿಣಿ, ಶಹಾಪುರ, ಬೆಳಗಾವಿ

ಅಕ್ಕಾರೇ, ತಪ್ಪು ನಿಮ್ಮದಲ್ಲ. ಗುಂಪಿಗೆ ಹಾಕಿದರೆ ಎಲ್ಲರಿಗೂ ಮುಟ್ಟಿತು ಅಂದುಕೊಂಡವರದ್ದು. ನಾನು ಸಣ್ಣವಳಿದ್ದಾಗ ನಮ್ಮೂರಲ್ಲಿ ಸಾವಿನ ಸುದ್ದಿ ಹೇಳಲು ಒಬ್ಬ ಆಳು ಬರುತ್ತಿದ್ದ. ಹೊಸ್ತಿಲ ಹೊರಗೇ ನಿಂತು ಹೇಳುತ್ತಿದ್ದ. ನೀರು ಕೊಟ್ಟರೂ ಕುಡಿಯದೆ ಮುಂದಿನ ಮನೆಗೆ ಹೋಗುತ್ತಿದ್ದ. ಒಂದು ಮನೆಯೂ ತಪ್ಪಬಾರದು ಅನ್ನೋ ಎಚ್ಚರ ಅವನಿಗಿತ್ತು.

ನಮ್ಮ ಅವ್ವನೂ ಅಥಣಿಯಲ್ಲಿ ಕೀಪ್ಯಾಡ್ ಫೋನಿನಲ್ಲೇ ಇದ್ದಾಳೆ. ನಾವು ಒಬ್ಬನನ್ನು ನೇಮಿಸಿಬಿಟ್ಟೆವು, ಅಣ್ಣನ ಮಗ. ಗುಂಪಿನಲ್ಲಿ ಸಾವು, ಮದುವೆ, ಕುಬಸ, ತೊಟ್ಟಿಲು, ಏನೇ ಬಂದರೂ ಅವನು ಅಜ್ಜಿಗೆ ಫೋನ್ ಮಾಡಿ ಹೇಳಬೇಕು. ಮೊದಮೊದಲು ಮರೆಯುತ್ತಿದ್ದ. ಅವ್ವ ಬಿಡಲಿಲ್ಲ. ಭಾನುವಾರ ಸಂಜೆ ತಾನೇ ಫೋನ್ ಮಾಡಿ ‘ಏನೈತೋ ಸುದ್ದಿ?’ ಅಂತ ಕೇಳತೊಡಗಿದಳು. ಈಗ ಅಜ್ಜಿ ಮೊಮ್ಮಗ ಅರ್ಧ ಗಂಟೆ ಮಾತಾಡುತ್ತಾರೆ. ಅವ್ವನ ಹತ್ತಿರ ಒಂದು ಶಾಲೆಯ ನೋಟ್‌ಬುಕ್ ಇದೆ. ಪುಟಕ್ಕೆ ಎರಡೇ ನಂಬರು, ಅಷ್ಟು ದಪ್ಪ ಅಕ್ಷರ. ಕ್ಯಾಲೆಂಡರ್ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದಾಳೆ. ನೀವೂ ಮನೆಯವರಲ್ಲಿ ಒಬ್ಬರ ಹೆಸರು ಹಿಡಿದು ‘ಇದು ನಿನ್ನ ಕೆಲಸ’ ಅಂತ ಹೇಳಿ. ಎಲ್ಲರಿಗೂ ಹೇಳಿದರೆ ಯಾರೂ ಮಾಡಲ್ಲ.

ಗ್ರಾಮ ಒನ್ ಕೇಂದ್ರ ನಡೆಸುವವರು, ಬಾದಾಮಿ ತಾಲ್ಲೂಕು

ಕಾಕು, ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಸರ್ಕಾರಿ ಕೆಲಸಕ್ಕೆ, ಬ್ಯಾಂಕಿಗೆ ಜಾಸ್ತಿ ಬೇಕಾಗುವುದು ಸ್ಮಾರ್ಟ್‌ಫೋನ್ ಅಲ್ಲ, ನಿಮ್ಮ ನಂಬರ್. ಒಟಿಪಿ ಎಸ್‌ಎಂಎಸ್‌ನಲ್ಲಿ ಬರುತ್ತದೆ, ಅದು ಕೀಪ್ಯಾಡ್ ಫೋನಿಗೂ ಬರುತ್ತದೆ. ಆಧಾರ್‌ಗೆ, ಬ್ಯಾಂಕ್ ಖಾತೆಗೆ, ಗ್ಯಾಸಿಗೆ ಮಗನ ನಂಬರ್ ಕೊಟ್ಟಿದ್ದೀರಾ? ಹಾಗಿದ್ದರೆ ಮೊದಲು ಅದನ್ನು ಬದಲಿಸಿ ನಿಮ್ಮದು ಕೊಡಿ. ಇಲ್ಲದಿದ್ದರೆ ಒಟಿಪಿ ಬೆಳಗಾವಿಗೆ ಹೋಗುತ್ತದೆ, ನೀವು ಜಮಖಂಡಿಯ ಕೌಂಟರ್ ಮುಂದೆ ನಿಂತಿರುತ್ತೀರಿ, ಮಗ ಮೀಟಿಂಗಿನಲ್ಲಿ ಇರುತ್ತಾರೆ. ‘ಎಲ್ಲಾ ನಾವೇ ಮಾಡಬೇಕು’ ಅನ್ನೋ ಸಿಟ್ಟು ಅರ್ಧ ಇಲ್ಲೇ ಹುಟ್ಟುತ್ತದೆ. ನನ್ನ ಕೇಂದ್ರದಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಇದನ್ನು ನೋಡುತ್ತೇನೆ.

ಗ್ಯಾಸನ್ನು ಫೋನ್ ಮಾಡಿಯೇ ಬುಕ್ ಮಾಡಬಹುದು. ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಅನ್ನು ಸಿಲಿಂಡರ್ ತರುವ ಹುಡುಗನಿಗೆ ಹೇಳಿದರೆ ಆಯಿತು. ಇಂಟರ್‌ನೆಟ್ ಇಲ್ಲದೆ ಹಣ ಕಳಿಸಲು *99# ಇದೆ. ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಒತ್ತಬೇಕು. ಸಾದಾ ಫೋನಿನವರಿಗಾಗಿಯೇ ರಿಸರ್ವ್ ಬ್ಯಾಂಕ್ 2022ರಲ್ಲಿ ಯುಪಿಐ 123ಪೇ ಶುರು ಮಾಡಿತು. ಅದರಲ್ಲಿ ಕರೆ ಮಾಡಿ, ಅದು ಹೇಳಿದಂತೆ ಅಂಕಿ ಒತ್ತುತ್ತಾ ಹೋಗುವುದು. ಮೊದಲ ಸಲ ಪಿನ್ ಮಾಡಿಕೊಳ್ಳಲು ಮಗನೇ ಪಕ್ಕದಲ್ಲಿ ಕೂತಿರಲಿ. ಹೊಲಿಗೆ ದುಡ್ಡನ್ನು ಸ್ಕ್ಯಾನ್ ಮಾಡಿ ಕೊಡುತ್ತೇವೆ ಅನ್ನುವವರಿಗೆ ನಿಮ್ಮ ಖಾತೆಯ ಕ್ಯೂಆರ್ ಸ್ಟಿಕ್ಕರ್ ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿ. ಹೊಲಿಗೆ ಮಷಿನ್ ಮೇಲೆ ಅಂಟಿಸಿಕೊಂಡರೆ ಸಾಕು. ನವೆಂಬರ್‌ನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಬ್ಯಾಂಕಿಗೇ ಹೋಗಿ ಕಾಗದದಲ್ಲಿ ಸಹಿ ಮಾಡಿ ಕೊಡಬಹುದು.

ಬೆರಳಚ್ಚು ಕೊಡುವ ಕಡೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಸೂಜಿ ಹಿಡಿದ ಕೈ, ಕಳೆ ತೆಗೆದ ಕೈ, ಗೆರೆ ಸವೆದಿರುತ್ತವೆ. ಮಷಿನ್ ಹಿಡಿಯುವುದಿಲ್ಲ. ನಾನು ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಆರಿದ ಮೇಲೆ ಇಡಲು ಹೇಳುತ್ತೇನೆ. ಹೆಬ್ಬೆರಳು ಬರದಿದ್ದರೆ ಉಂಗುರ ಬೆರಳು. ಬೆನ್ನ ಹಿಂದೆ ಸಾಲಿನವರು ಗೊಣಗಿದರೂ ನೀವು ಗಾಬರಿ ಆಗಬೇಡಿ.

ಶಿಕ್ಷಕಿ, ಬಾಗಲಕೋಟೆ

ನಾನು ಒತ್ತಾಯ ಮಾಡಿದವಳು. ಅಪ್ಪ ಬೇಡ ಬೇಡ ಅಂದರೂ ಸ್ಮಾರ್ಟ್‌ಫೋನ್ ಕೊಡಿಸಿದೆ. ಎರಡೇ ತಿಂಗಳು. ‘ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಆಗುತ್ತದೆ’ ಅಂತ ಮೆಸೇಜ್ ಬಂತು. ಅಪ್ಪ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು, ಅವರು ಹೇಳಿದ ಆ್ಯಪ್ ಹಾಕಿಕೊಂಡರು. 18 ಸಾವಿರ ಹೋಯಿತು. ದುಡ್ಡಿಗಿಂತ ನನ್ನನ್ನು ಸುಟ್ಟಿದ್ದು ಅಪ್ಪ ನನಗೆ ನಾಲ್ಕು ದಿನ ಹೇಳದೇ ಇದ್ದದ್ದು. ಅಷ್ಟು ಹೆದರಿದ್ದರು. ಇಂಥದ್ದಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ದುಡ್ಡು ಕೈ ತಪ್ಪುತ್ತದೆ. ಮಗನಿಗೆ ನನ್ನದೊಂದು ಮಾತು: ನಿಮ್ಮ ಅವ್ವನಿಗೆ ಒಗ್ಗದ್ದನ್ನು ಅವರ ಕೈಗೆ ತುರುಕಬೇಡಿ. ಅವ್ವಾರೇ, ಕೀಪ್ಯಾಡ್ ಫೋನಿಗೂ ಮೋಸದ ಕರೆ ಬರುತ್ತದೆ. ಫೋನ್ ಮಾಡಿ ಒಟಿಪಿ ಯಾರು ಕೇಳಿದರೂ ಹೇಳಬೇಡಿ.

ನಿವೃತ್ತ ಬಸ್ ಕಂಡಕ್ಟರ್, ವಿಜಯಪುರ

ತಂಗೀ, ನಾನೂ ಸ್ಮಾರ್ಟ್‌ಫೋನ್ ಇಟ್ಟಿಲ್ಲ. ರೈಲಿನ ಟಿಕೆಟ್ ಸ್ಟೇಷನ್ ಕಿಟಕಿಯಲ್ಲಿ ತೆಗೆಸುತ್ತೇನೆ, ಕರೆಂಟ್ ಬಿಲ್ ಹೆಸ್ಕಾಂ ಕೌಂಟರಿನಲ್ಲಿ ಕಟ್ಟುತ್ತೇನೆ. ನಿನಗಂತೂ 2023ರ ಜೂನ್ 11ರಿಂದ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಆಧಾರ್ ಕಾರ್ಡ್ ಚೀಲದಲ್ಲಿ ಇಟ್ಟುಕೋ. ಆದರೆ ಒಂದು ವಿಷಯಕ್ಕೆ ನಾನು ಸೋತೆ. ಮೊಮ್ಮಗಳು ಪುಣೆಯಲ್ಲಿ ಹುಟ್ಟಿದಳು. ಅವಳು ನಡೆಯಲು ಕಲಿತದ್ದನ್ನು ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ನೋಡಿದೆ. ಎರಡು ಹೆಜ್ಜೆ ಇಟ್ಟು ಕೂತಳು, ಮತ್ತೆ ಎದ್ದಳು. ಟ್ರಂಕಿನಲ್ಲಿರುವುದನ್ನು ವಾಪಸ್ ಕೊಡಬೇಡ. ಮಗ ಬಂದಾಗ ತೆಗೆದು ಮುಖ ನೋಡು, ಮತ್ತೆ ಒಳಗಿಡು.

ರೈತ ಮಹಿಳೆ, ಮುಧೋಳ

ಅಕ್ಕಾ, ಮಗಳ ಮದುವೆ ಗೊತ್ತಾಗಿದೆ. ಗುಳೇದಗುಡ್ಡದ ಖಣ ತಂದಿಟ್ಟಿದ್ದೇನೆ, ಏಳು ಕುಪ್ಪಸ ಹೊಲಿಯಬೇಕು. ನಿಮ್ಮ ನಂಬರ್ ಪತ್ರಿಕೆಯವರ ಹತ್ತಿರ ಕೇಳಿದ್ದೇನೆ. ಮಧ್ಯಾಹ್ನ ಊಟ ಆದ ಮೇಲೆ ಫೋನ್ ಮಾಡುತ್ತೇನೆ, ಎತ್ತಿಕೊಳ್ಳಿ.